ಕ್ಲಿಕ್ ಮಾಡಿದ ತಕ್ಷಣ ಸೈನ್ಯ ಓಡುತ್ತಾ?

ಯುದ್ಧದ ಸ್ಟ್ರಾಟಜಿ ಗೇಮ್ ಆಡುವವರಿಗೆಲ್ಲ ಒಂದು ಚಟ ಇರುತ್ತದೆ. ನನಗೂ ಇದೆ. ಕಾಲಾಳು ಪಡೆಯನ್ನು ಸೆಲೆಕ್ಟ್ ಮಾಡೋದು, ದೂರದ ಗುಡ್ಡದ ಮೇಲೆ ಡಬಲ್ ಕ್ಲಿಕ್ ಮಾಡೋದು. ಕವಚ, ಗುರಾಣಿ, ಈಟಿ ಹೊತ್ತ ನೂರಾರು ಜನ ದಡದಡ ಓಡುತ್ತಾರೆ. ಮನಸ್ಸು ಬದಲಾಯಿಸಿ ಎಡಕ್ಕೆ ಕ್ಲಿಕ್ ಮಾಡಿದರೆ ಆ ಕ್ಷಣವೇ ಎಡಕ್ಕೆ ತಿರುಗುತ್ತಾರೆ. ಸಾಲು ಮಾತ್ರ ಸ್ಕೇಲ್ ಇಟ್ಟು ಗೀಟು ಎಳೆದ ಹಾಗೇ ಇರುತ್ತದೆ!

ಇಷ್ಟು ಜೋರಾಗಿ ಯಾರು ಓಡ್ತಾರೆ ಅಂತ ತುಂಬಾ ಜನ ಕೇಳುತ್ತಾರೆ. ವೇಗ ನನಗೆ ಅಷ್ಟು ದೊಡ್ಡ ತಕರಾರಲ್ಲ. ಹಳೇ ಕಾಲದವರೂ ಓಡಿದ್ದಾರೆ. ಟೋಟಲ್ ವಾರ್ ಅನ್ನೋ ಗೇಮ್ ಸರಣಿಯಲ್ಲಂತೂ ಓಡಿದವರಿಗೆ ದಣಿವೂ ಆಗುತ್ತದೆ. ಆದರೆ ದಣಿದವರೂ ಹೇಳಿದ ಮಾತು ಕೇಳುತ್ತಾರಲ್ಲ, ನನಗೆ ಹಿಡಿಸದೇ ಇರುವುದು ಅದು.

ಕ್ರಿ.ಪೂ. 48, ಗ್ರೀಸಿನ ಫಾರ್ಸಲಸ್. ರೋಮಿನ ಇಬ್ಬರು ಸೇನಾಪತಿಗಳು, ಸೀಸರ್ ಮತ್ತು ಪಾಂಪೆ, ಎದುರುಬದುರು. ಸೀಸರ್‌ನ ಸೈನಿಕರು ಈಟಿ ಹಿಡಿದು ಓಡತೊಡಗಿದರು. ಪಾಂಪೆ ತನ್ನವರಿಗೆ ನಿಂತಲ್ಲೇ ನಿಲ್ಲಿ ಅಂದಿದ್ದ. ಎದುರಿನವರೇ ಎರಡು ಪಟ್ಟು ದೂರ ಓಡಿ ಸುಸ್ತಾಗಿ ಬರಲಿ ಅನ್ನೋ ಲೆಕ್ಕ. ಅರ್ಧ ದಾರಿಯಲ್ಲಿ ಸೀಸರ್‌ನ ಪಳಗಿದ ಸೈನಿಕರಿಗೆ ಇದು ಹೊಳೆಯಿತು. ಯಾರೂ ಹೇಳದೆ ತಾವಾಗಿಯೇ ನಿಂತರು. ಉಸಿರು ಸುಧಾರಿಸಿಕೊಂಡರು. ಮತ್ತೆ ಓಡಿದರು, ಈಟಿ ಎಸೆದು ಕತ್ತಿ ಹಿರಿದರು. ಇದನ್ನು ಸೀಸರ್ ತಾನೇ ಬರೆದಿಟ್ಟಿದ್ದಾನೆ. ಗೇಮಿನಲ್ಲಿ ನನ್ನ ಯೂನಿಟ್ ಹೀಗೆ ಮಧ್ಯದಲ್ಲಿ ನಿಂತುಬಿಟ್ಟರೆ ಬಗ್ ಅಂತ ಬೈಯುತ್ತೇನೆ, ಅಲ್ವಾ?

ಇನ್ನೂ ಚೆನ್ನಾಗಿರೋದು ಕ್ರಿ.ಪೂ. 418ರ ಮಾಂಟಿನಿಯ ಕದನ, ಗ್ರೀಕರು ಗ್ರೀಕರ ನಡುವೆಯೇ ನಡೆದದ್ದು. ಗ್ರೀಕ್ ಕಾಲಾಳಿನ ಗುರಾಣಿ ಎಡಗೈಯಲ್ಲಿ, ಬಲಮೈ ಬಯಲು. ಹಾಗಾಗಿ ಪ್ರತಿಯೊಬ್ಬನೂ ಬಲಗಡೆಯವನ ಗುರಾಣಿಯ ಮರೆಗೆ ಒತ್ತಿಕೊಳ್ಳುತ್ತಾನೆ. ಒಬ್ಬೊಬ್ಬರದೂ ಅರ್ಧ ಹೆಜ್ಜೆ ಅಷ್ಟೇ. ಆದರೆ ಇಡೀ ಸೈನ್ಯವೇ ನಡೆಯುತ್ತಾ ನಡೆಯುತ್ತಾ ಬಲಕ್ಕೆ ವಾಲುತ್ತದೆ ಅಂತ ಆ ಕಾಲದ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ. ಈ ಕದನದ ಒಂದು ಪಕ್ಷವಾದ ಸ್ಪಾರ್ಟಾದವರು ಕೊಳಲಿನ ತಾಳಕ್ಕೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರು. ಭಕ್ತಿಗಲ್ಲ, ಸಾಲು ಒಡೆಯದಿರಲಿ ಅಂತ. ಅವತ್ತು ವೈರಿಗಳು ತನ್ನ ಎಡಬದಿಯನ್ನು ಬಳಸಿ ಬರುತ್ತಾರೆ ಅಂತ ಸ್ಪಾರ್ಟಾದ ದೊರೆ ಏಜಿಸ್‌ಗೆ ದಿಗಿಲಾಯಿತು. ಎಡದ ತುದಿಯವರಿಗೆ ಇನ್ನೂ ಎಡಕ್ಕೆ ಸರಿಯಿರಿ ಅಂದ. ನಡುವೆ ಬೀಳುವ ಸಂದು ತುಂಬಲು ಬಲಗಡೆಯ ಇಬ್ಬರು ನಾಯಕರಿಗೆ ಹೇಳಿ ಕಳಿಸಿದ. ಅವರು ಕದಲಲೇ ಇಲ್ಲ. ಸಂದು ಹಾಗೇ ಉಳಿಯಿತು, ವೈರಿಗಳು ಅದರೊಳಗೆ ನುಗ್ಗಿದರು. ಯುದ್ಧ ಕೊನೆಗೆ ಸ್ಪಾರ್ಟಾವೇ ಗೆದ್ದಿತು. ಆ ಇಬ್ಬರಿಗೆ ಮಾತ್ರ ಗಡಿಪಾರು.

ಅದೂ ಯಾರು? ಶಿಸ್ತಿಗೆ ಹೆಸರಾದ ಸ್ಪಾರ್ಟಾದವರು!

ಇದೆಲ್ಲ ಗೇಮಿಗೆ ಬಂದರೆ ಆಡೋಕೆ ಬೇಜಾರು ಅನ್ನುವವರಿದ್ದಾರೆ. ನಿಜ ಹೇಳಬೇಕೆಂದರೆ, ಸೈನ್ಯ ನಡೆದುಕೊಂಡು ಹೋಗುವಾಗ ನಾನೂ ಫಾಸ್ಟ್ ಫಾರ್ವರ್ಡ್ ಒತ್ತುತ್ತೇನೆ. ಆದರೂ ಒಂದು ಆಪ್ಷನ್ ಆಗಿಯಾದರೂ ಕೊಡಬಾರದಾ? ಆಜ್ಞೆ ತಲುಪೋಕೆ ಸ್ವಲ್ಪ ಹೊತ್ತು ಹಿಡಿಯಲಿ. ಸಾಲು ತನ್ನಷ್ಟಕ್ಕೆ ಬಲಕ್ಕೆ ವಾಲಲಿ, ನಾನು ಅದನ್ನು ಲೆಕ್ಕ ಹಾಕಿಯೇ ಸೈನ್ಯ ನಿಲ್ಲಿಸುತ್ತೇನೆ. ಯಾವತ್ತೋ ಒಮ್ಮೆ ನನ್ನ ನಾಯಕನೂ ಕ್ಲಿಕ್ ನೋಡಿ ಸುಮ್ನೆ ನಿಂತುಬಿಡಲಿ.