ಸೆರೆಯ ವರ್ಷಗಳೂ ನೌಕರಿಯ ವರ್ಷಗಳೇ

ಬೆಳಗಾವಿಯವರಿಗೆ ಮರಾಠಾ ಲಘು ಪದಾತಿ ದಳ ಹೊಸದಲ್ಲ. ಖಾನಾಪುರ, ಹುಕ್ಕೇರಿ, ಚಿಕ್ಕೋಡಿ ಸೀಮೆಯ ಹಳ್ಳಿಗಳಲ್ಲಿ ಪಲ್ಟನ್ನಿಗೆ ಹೋಗಿ ಬಂದವರ ಮನೆತನಗಳಿವೆ. ಎರಡನೆಯ ಮಹಾಯುದ್ಧದ ಮಾತು ಬಂದರೆ ಇಟಲಿಯ ರಣರಂಗದಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದ ಯಶವಂತ ಘಾಡಗೆ ಮತ್ತು ನಾಮದೇವ ಜಾಧವ್ ಅವರನ್ನು ನೆನೆಯುತ್ತೇವೆ, ಮಡಿದವರ ಸ್ಮಾರಕಕ್ಕೆ ಹೂಮಾಲೆ ಇಡುತ್ತೇವೆ. ಅದೇ ರೆಜಿಮೆಂಟಿನ ಎರಡನೆಯ ಪಲ್ಟನ್ 1942ರ ಜೂನ್ ತಿಂಗಳಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲಿ ಶತ್ರುಗಳಾದ ಜರ್ಮನ್-ಇಟಾಲಿಯನ್ ಸೇನೆಯ ಕೈಸೆರೆಯಾದ ಸಂಗತಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಹಾಗೆ ಸೆರೆಯಾಗಿ ಬಂದವರಲ್ಲಿ ನನ್ನ ಅಜ್ಜನ ಅಣ್ಣನೂ ಒಬ್ಬರು. ಊರಿನ ಕಟ್ಟೆಯ ಮೇಲೆ ಅವರ ಬೆನ್ನ ಹಿಂದೆ ಆಡುತ್ತಿದ್ದ ಮಾತು, "ಕೈ ಎತ್ತಿ ಬಂದಾಂವ" ಎಂದು. ಈ ಮಾತು ಎಷ್ಟು ಅನ್ಯಾಯದ್ದು ಎಂಬುದು ಟೊಬ್ರುಕ್‌ನ ವೃತ್ತಾಂತ ಓದಿದವರಿಗೆ ತಿಳಿಯುತ್ತದೆ.

1941ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆಯನ್ನು ತಾಳಿಕೊಂಡಿದ್ದ ಆ ಬಂದರಿನ ರಕ್ಷಣಾ ಸಾಲು ಮರುವರ್ಷದ ಹೊತ್ತಿಗೆ ಹಾಳುಬಿದ್ದಿತ್ತು. ಅಲ್ಲಿ ಹುಗಿದಿದ್ದ ನೆಲಬಾಂಬುಗಳಲ್ಲಿ ಬಹಳಷ್ಟನ್ನು ಪಶ್ಚಿಮಕ್ಕಿದ್ದ ಗಜಾಲಾ ಎಂಬಲ್ಲಿನ ಬ್ರಿಟಿಷ್ ರಕ್ಷಣಾ ಸಾಲಿಗೆಂದು ಕಿತ್ತೊಯ್ದಿದ್ದರು. ಟ್ಯಾಂಕುಗಳನ್ನು ತಡೆಯಬೇಕಿದ್ದ ಕಂದಕಗಳಲ್ಲಿ ಕಡೆಕಡೆಗೆ ಮರಳು ತುಂಬಿತ್ತು. ಇನ್ನೊಮ್ಮೆ ಮುತ್ತಿಗೆ ಬಿದ್ದರೆ ಟೊಬ್ರುಕ್ಕನ್ನು ಹಿಡಿದುಕೊಂಡು ಕೂರುವುದಿಲ್ಲವೆಂದು ಮೇಲಿನ ಬ್ರಿಟಿಷ್ ಸೇನಾಧಿಕಾರಿಗಳು ಮೊದಲೇ ತೀರ್ಮಾನಿಸಿದ್ದರೂ, ಕಡೆಗಳಿಗೆಯಲ್ಲಿ ಅಲ್ಲಿಯೇ ನಿಲ್ಲುವಂತೆ ಮಾಡಿದರು. ಜೂನ್ 20ರ ಬೆಳಗಿನ ಜಾವ ಜರ್ಮನ್ ಸೇನಾನಿ ರೊಮ್ಮೆಲ್‌ನ ವಿಮಾನಗಳು ಬಾಂಬು ಸುರಿಸಿ, ಹಿಂದೆಯೇ ಟ್ಯಾಂಕುಗಳು ನುಗ್ಗಿದ್ದು ಆಗ್ನೇಯ ಮೂಲೆಯಲ್ಲಿ. ಅಲ್ಲಿ ಕಾವಲಿದ್ದದ್ದು 11ನೆಯ ಭಾರತೀಯ ಬ್ರಿಗೇಡಿನ ಈ ಮರಾಠಾ ಪಲ್ಟನ್. ಮೊದಲ ಪೆಟ್ಟು ಬಿದ್ದದ್ದು ಇವರ ಮೇಲೆ. ಮರುದಿನ ಬೆಳಿಗ್ಗೆ ಕೋಟೆಯ ದಳಪತಿ, ದಕ್ಷಿಣ ಆಫ್ರಿಕಾದ ಮೇಜರ್ ಜನರಲ್ ಕ್ಲೋಪರ್, ಶರಣಾದರು. ಸುಮಾರು 33,000 ಸೈನಿಕರು ಸೆರೆಯಾದರು. ಆ ಸುದ್ದಿ ಮುಟ್ಟಿದಾಗ ಚರ್ಚಿಲ್ ವಾಷಿಂಗ್ಟನ್ನಿನಲ್ಲಿ ರೂಸ್‌ವೆಲ್ಟರ ಜತೆಗಿದ್ದರು. ಸೋಲು ಬೇರೆ, ಅಪಮಾನ ಬೇರೆ ಎಂದು ಆಮೇಲೆ ಬರೆದರು. ಅಪಮಾನ ಯಾರದು ಎಂದು ಕೇಳಬೇಕೆನಿಸುತ್ತದೆ. ನೆಲಬಾಂಬು ಕೀಳಿಸಿದವನು ಸಿಪಾಯಿಯಲ್ಲ, ಶರಣಾಗತಿಯನ್ನು ತೀರ್ಮಾನಿಸಿದವನೂ ಅವನಲ್ಲ.

ಆ ಬಳಿಕದ ಮೂರು ವರ್ಷಗಳನ್ನು ನಾವು ಖಾಲಿ ಎಂದು ಬಗೆಯುತ್ತೇವೆ. ಸೆರೆಯಾದವರನ್ನು ಹಡಗುಗಳಲ್ಲಿ ಇಟಲಿಗೆ ಸಾಗಿಸಿದರು. 1942ರ ಆಗಸ್ಟ್ 17ರಂದು ಅಂಥ ಕೈದಿಗಳನ್ನು ಹೊತ್ತ 'ನಿನೊ ಬಿಕ್ಸಿಯೊ' ಎಂಬ ಹಡಗಿಗೆ ಬ್ರಿಟಿಷರದೇ ಜಲಾಂತರ್ಗಾಮಿ ನೌಕೆ ಟಾರ್ಪೆಡೊ ಹೊಡೆಯಿತು. ಒಳಗಿದ್ದ ಮುನ್ನೂರಕ್ಕೂ ಹೆಚ್ಚು ಕೈದಿಗಳು ತಮ್ಮ ಪಕ್ಷದವರ ಏಟಿಗೇ ಸತ್ತರು. ಇಟಲಿಯ ಅವೆಜ್ಜಾನೊದಲ್ಲಿ ಭಾರತೀಯರಿಗೆಂದೇ ಒಂದು ಶಿಬಿರವಿತ್ತು. 1929ರ ಜಿನೀವಾ ಒಪ್ಪಂದದ ಪ್ರಕಾರ ಅಧಿಕಾರಿಗಳಿಂದ ಬಲವಂತವಾಗಿ ಕೆಲಸ ಮಾಡಿಸುವಂತಿರಲಿಲ್ಲ, ಸಾಮಾನ್ಯ ಸಿಪಾಯಿಯಿಂದ ಮಾಡಿಸಬಹುದಿತ್ತು. ಶಿಬಿರ ಸೇರಿದ ವಾರದೊಳಗೆ ಮನೆಗೆ ಒಂದು ಕಾರ್ಡು ಬರೆಯಲು ಬಿಡಬೇಕೆಂಬ ಕಲಮೂ ಅದರಲ್ಲಿತ್ತು. ಆದರೆ ಸಮುದ್ರ ದಾಟಿ, ಸೆನ್ಸಾರು ದಾಟಿ ಅದು ನಮ್ಮ ಕಡೆಯ ಹಳ್ಳಿಗೆ ಮುಟ್ಟುವವರೆಗೆ ಮನೆಯವರ ಪಾಲಿಗೆ ಮಗ ಬದುಕಿದವನೂ ಅಲ್ಲ, ಸತ್ತವನೂ ಅಲ್ಲ. ಮುಟ್ಟಿದ ಮೇಲೂ ಅದನ್ನು ಓದಿ ಹೇಳಲು ಶಾಲೆಯ ಮಾಸ್ತರರೇ ಬರಬೇಕಿತ್ತು.

1943ರ ಸೆಪ್ಟೆಂಬರಿನಲ್ಲಿ ಇಟಲಿ ಕದನವಿರಾಮ ಮಾಡಿಕೊಂಡಾಗ ಕೆಲವರು ಶಿಬಿರ ಬಿಟ್ಟು ಬೆಟ್ಟಗಳಿಗೆ ಓಡಿದರು. ಬಡ ರೈತರು ಜೀವದ ಆಸೆ ಬಿಟ್ಟು ಅವರನ್ನು ಅಡಗಿಸಿಟ್ಟರು. ಉಳಿದವರನ್ನು ಜರ್ಮನರು ಉತ್ತರಕ್ಕೆ ಎಳೆದೊಯ್ದರು.

ಈ ನಡುವೆ ಸುಭಾಷ್‌ಚಂದ್ರ ಬೋಸರು ಬರ್ಲಿನ್ನಿನಲ್ಲಿ ಕಟ್ಟಿದ ದಳಕ್ಕೆ, ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯರ ಪೈಕಿ ಸುಮಾರು 3,000 ಜನ ಸೇರಿದರು, ಹೆಚ್ಚಿನವರು ಸೇರಲಿಲ್ಲ. ಸೇರಿದವರು ದ್ರೋಹಿಗಳೆಂದು ಅಂದಿನ ಸರಕಾರ ಎಣಿಸಿತು. ಸೇರದವರು ಪರರ ಚಾಕರರೆಂದು ಇಂದು ಕೆಲವರು ಹಗುರವಾಗಿ ಬರೆಯುತ್ತಾರೆ. ಅರೆಹೊಟ್ಟೆಯಲ್ಲಿ, ಮುಳ್ಳುತಂತಿಯ ಒಳಗೆ, ತಿಂದ ಉಪ್ಪಿನ ಋಣ ಮತ್ತು ನಾಡಿನ ಬಿಡುಗಡೆ ಇವೆರಡನ್ನು ತೂಗಬೇಕಾಗಿದ್ದ ಇಪ್ಪತ್ತೆರಡರ ಹುಡುಗನನ್ನು ಮೊಬೈಲ್ ಹಿಡಿದು ಕುಳಿತವರು ಅಳೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಇದು ಮೊದಲ ಸಲವೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ (ಇಂದಿನ ಇರಾಕಿನ) ಕುಟ್ ಪಟ್ಟಣ 1916ರ ಏಪ್ರಿಲ್ 29ರಂದು ತುರ್ಕಿಯರ ವಶವಾದಾಗ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳವರೂ ಒಳಗಿದ್ದರು. ಸಿಪಾಯಿಗಳು ಮರುಭೂಮಿಯಲ್ಲಿ ನಡೆದೇ ಸತ್ತರು, ರೈಲುದಾರಿಯ ಕೂಲಿಯಲ್ಲಿ ಸವೆದರು. ಅವರ ಜನರಲ್ ಟೌನ್‌ಶೆಂಡ್ ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಸುಖವಾಗಿದ್ದರು.

ನಮ್ಮ ಭಾಗದ ವೀರಗಲ್ಲುಗಳಲ್ಲಿ ಕಾದುವ ವೀರನಿದ್ದಾನೆ, ಅಪ್ಸರೆಯರು ಕರೆದೊಯ್ಯುವ ವೀರನಿದ್ದಾನೆ, ಸೆರೆಸಿಕ್ಕವನಿಗೆ ಪಟ್ಟಿಕೆಯಿಲ್ಲ. ಶಿಲ್ಪಿಗಳ ಕಾಲ ಹೇಗಾದರೂ ಇರಲಿ, ನಮ್ಮ ಊರುಗಳ ಇತಿಹಾಸ ಬರೆಯುವವರಾದರೂ ಈ ಜಾಗ ಬಿಡಬಾರದು. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಡಿಸ್ಚಾರ್ಜ್ ಬುಕ್ಕು ಇದ್ದರೆ ಪದಕಗಳ ಪುಟಕ್ಕೇ ನಿಲ್ಲದೆ 1942ರಿಂದ 1945ರವರೆಗಿನ ನಮೂದುಗಳನ್ನೂ ಓದಿ. ಶಿಬಿರದ ಹೆಸರು, ಕೈದಿ ಸಂಖ್ಯೆ ಕಂಡರೆ ಬರೆದಿಟ್ಟುಕೊಳ್ಳಿ, ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ.