ಬಣ್ಣ ಆಮೇಲೆ, ಮೊದಲು ತುಕ್ಕು ನೋಡಿ

ನಿಮ್ಮ ಪೋಸ್ಟ್ ಓದಿದೆ. ಹಳೆ ಪದ್ಮಿನಿ ಕಾರಿಗೆ ಬಣ್ಣ ಹೊಡೆಸಿ ಎಸಿ ಕೂರಿಸಿದರೆ ಮುಗೀತು ಅನ್ನೋ ಹಾಗೆ ಬರೆದಿದ್ದೀರಿ. ಅಷ್ಟು ಸಲೀಸಲ್ಲ ಸಾರ್. ನಮ್ಮನೆಯಲ್ಲೂ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಅದರ 1089 ಸಿಸಿ ಇಂಜಿನ್ ಬಗ್ಗೆ ದೂರಿಲ್ಲ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕ್ಲೀನ್ ಮಾಡಿ, ಸ್ಪಾರ್ಕ್ ಸಮಯಕ್ಕೆ ಬರುವಂತೆ ಮಾಡುವ ಪಾಯಿಂಟ್ ಸೆಟ್ ಮಾಡಿದರೆ ಸ್ಟಾರ್ಟ್ ಆಗುತ್ತದೆ. ತಲೆನೋವೆಲ್ಲ ಬಾಡಿಯದ್ದು. ಟಿಂಕರಿಂಗ್‌ನವರು ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಲ್ಲಿ ಕಾರಿನ ತಳಕ್ಕೆ ಮೆಲ್ಲಗೆ ಕುಟ್ಟಿದರು, ಸ್ಕ್ರೂಡ್ರೈವರ್ ತುಕ್ಕು ಹಿಡಿದ ತಗಡು ತೂರಿ ಸೀದಾ ಆಚೆ ಬಂತು! ಹಿಂದೆ ಯಾರೋ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದರೆ ಬ್ರೇಕ್ ಕಿಟ್, ಗ್ಯಾಸ್ಕೆಟ್ ಸಿಗುತ್ತವೆ. ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಸಿಕ್ಕರೂ ಸರಿಯಾಗಿ ಕೂರುವುದಿಲ್ಲ. ಈಗ ಬಾಗಿಲು ಹಾಕಬೇಕಾದರೆ ಭುಜ ಕೊಟ್ಟು ತಳ್ಳಬೇಕು.

ಇನ್ನು ಎಸಿ. ಬ್ಯಾಟರಿ ಚಾರ್ಜ್ ಮಾಡಲು ಹಳೆ ಕಾಲದ ಡೈನಮೋ ಇರುವ ಗಾಡಿಗೆ ಸುಮ್ನೆ ಎಸಿ ಹಾಕಿದರೆ ಬ್ಯಾಟರಿ ಮಲಗುತ್ತದೆ. ಅದರ ಬದಲು ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಬೇಕು, ಆಮೇಲೆ ದೊಡ್ಡ ರೇಡಿಯೇಟರ್, ಫ್ಯಾನ್... ಒಂದಕ್ಕೆ ಕೈ ಹಾಕಿದರೆ ನಾಲ್ಕು ಖರ್ಚು, ಅಲ್ವಾ?

ಬೇರೆ ಇಂಜಿನ್ ಕೂರಿಸಿ ಅಂತ ಕೆಳಗೆ ಕಾಮೆಂಟ್‌ನಲ್ಲಿ ಒಬ್ಬರು ಸಲಹೆ ಕೊಟ್ಟಿದ್ದಾರೆ. ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ನೋಡಿ. 15 ವರ್ಷ ದಾಟಿದ ಕಾರಿನ ನೋಂದಣಿ 5 ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು. ಆಗ ಇನ್‌ಸ್ಪೆಕ್ಟರ್ ಮೊದಲು ಬಾನೆಟ್ ಎತ್ತಿಸಿ ಇಂಜಿನ್ ನಂಬರ್ ನೋಡುತ್ತಾರೆ.