ಕುದಿದ ಪೆಟ್ರೋಲು, ಒದ್ದೆ ಬೈರಾಸು

ಪದ್ಮಿನಿ ಕಾರು ಆಗುಂಬೆ ಘಾಟಿ ಹತ್ತುವುದಿಲ್ಲ ಅನ್ನುವವರು ಅದನ್ನು ಓಡಿಸಿದವರಲ್ಲ. ಒಳಗೆ ಐದು ಜನ, ಡಿಕ್ಕಿಯಲ್ಲಿ ಎರಡು ಹಲಸಿನಹಣ್ಣು, ಮೇ ತಿಂಗಳ ಮಧ್ಯಾಹ್ನ, ಹೀಗಿದ್ದರೂ 1089 ಸಿಸಿಯ ಆ ಎಂಜಿನ್ನು ಸೋಮೇಶ್ವರದಿಂದ 14 ತಿರುವುಗಳನ್ನೂ ಫಸ್ಟು ಸೆಕೆಂಡಿನಲ್ಲಿ ಗೊಣಗುತ್ತ ಹತ್ತಿಯೇಬಿಡುತ್ತದೆ. ಕೈ ಕೊಡುವುದು ಮೇಲೆ ಬಂದಮೇಲೆ. ಗಾಡಿ ಆಫ್ ಮಾಡಿ, ಪಶ್ಚಿಮಕ್ಕೆ ಮುಖಮಾಡಿ ಫೋಟೊ ಹೊಡೆದು, ಹತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ ಸೆಲ್ಫು ಗರ್ ಗರ್ ಅನ್ನುತ್ತದೆ, ಎಂಜಿನ್ನು ಮಾತಾಡುವುದಿಲ್ಲ.

"ಬಸ್ಸಿಗೆ ಹೋಗುವ ಅಂತ ಬೆಳಿಗ್ಗೆಯೇ ಹೇಳಿದ್ದೆ," ಅನ್ನುವ ದನಿ ಹಿಂದಿನ ಸೀಟಿನಿಂದ ಬರುವುದು ಇದೇ ಹೊತ್ತಿಗೆ.

ಆಗುವುದಿಷ್ಟೆ. ಎಂಜಿನ್ ಓಡುವಾಗ ಫ್ಯಾನು, ನೀರು ಎರಡೂ ಶಾಖವನ್ನು ಹೊರಹಾಕುತ್ತಿರುತ್ತವೆ. ಆಫ್ ಮಾಡಿದ ಕ್ಷಣ ಎರಡೂ ನಿಲ್ಲುತ್ತವೆ, ಶಾಖ ಮಾತ್ರ ಅಲ್ಲೇ ಇರುತ್ತದೆ. ಪೆಟ್ರೋಲ್ ಪಂಪು ಬೋಲ್ಟಾಗಿರುವುದು ಆ ಕಾದ ಬ್ಲಾಕಿಗೇ. ಇನ್ನು ಪೆಟ್ರೋಲು ನೀರಿನ ಹಾಗೆ ಒಂದೇ ಬಿಸಿಗೆ ಕುದಿಯುವ ವಸ್ತುವಲ್ಲ. ಅದರ ಹಗುರ ಭಾಗ 35-40 ಡಿಗ್ರಿಗೇ ಏಳತೊಡಗುತ್ತದೆ, ಭಾರದ ಭಾಗಕ್ಕೆ 200ರ ಹತ್ತಿರ ಬೇಕು. ಅದೂ ಸಾಲದು ಅಂತ ಟ್ಯಾಂಕು ಹಿಂದೆ, ಪಂಪು ಮುಂದೆ. ಪಂಪು ಪೆಟ್ರೋಲನ್ನು ಹೀರಿಕೊಳ್ಳಬೇಕು, ಹೀರುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಲ್ಲಿ ಕುದಿಯುವುದು ಇನ್ನೂ ಬೇಗ. ಪಂಪಿನೊಳಗಿನ ಮೆತ್ತನೆಯ ಪೊರೆ, ಡಯಾಫ್ರಮ್ಮು, ದ್ರವವನ್ನು ತಳ್ಳಲು ಹುಟ್ಟಿದ್ದು. ಆವಿ ತುಂಬಿದರೆ ಅದು ಬಲೂನು ಹಿಚುಕಿದ ಹಾಗೆ ಹಿಚುಕುತ್ತ ಕೂರುತ್ತದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಒಂದು ಹನಿಯೂ ಹೋಗುವುದಿಲ್ಲ.

ಬಾನೆಟ್ ಎತ್ತಿದೊಡನೆ ನಾಲ್ಕು ಜನ ತಜ್ಞರು ಸೇರುತ್ತಾರೆ. ಒಬ್ಬರು "ಕಾಯಿಲ್ ಹೋಗಿದೆ ಸಾರ್," ಇನ್ನೊಬ್ಬರು "ಚೋಕ್ ಎಳೀರಿ," ಮತ್ತೊಬ್ಬರು ಏನೂ ಹೇಳದೆ ಬೀಡಿ ಹಚ್ಚುತ್ತಾರೆ. ಮೊದಲು ಕಳಿಸಬೇಕಾದದ್ದು ಆ ಬೀಡಿಯನ್ನು.

ಕಾಯಿಲ್ ಅಂದವರನ್ನು ಪೂರ್ತಿ ತಳ್ಳಿಹಾಕಬೇಡಿ. ಪ್ಲಗ್ಗಿನ ಕಿಡಿಗೆ ಬೇಕಾದ ಕಾಯಿಲು, ಕಂಡೆನ್ಸರುಗಳು ಬಿಸಿಗೆ ಸೋತಾಗ ಆಡುವ ನಾಟಕವೂ ಇದೇ: ಕಾದಾಗ ಸತ್ತು, ಆರಿದಾಗ ಎದ್ದು ಕೂರುವುದು. ಅದಕ್ಕೇ ಏರ್ ಕ್ಲೀನರ್ ಬಿಚ್ಚುವ ಮೊದಲು, ಪೆಟ್ರೋಲ್ ವಾಸನೆ ಇಲ್ಲದ ಜಾಗದಲ್ಲಿ ಪ್ಲಗ್ಗಿನ ಕಿಡಿ ನೋಡಿ. ನೀಲಿ ಕಿಡಿ ಚಟಚಟ ಹಾರಿದರೆ ಕರೆಂಟು ಸರಿ ಇದೆ. ಆಮೇಲೆ ಏರ್ ಕ್ಲೀನರ್ ತೆಗೆದು, ಕಾರ್ಬುರೇಟರಿನ ಬಾಯೊಳಗೆ ಇಣುಕುತ್ತ, ಥ್ರಾಟಲನ್ನು ಕೈಯಲ್ಲಿ ಒಮ್ಮೆ ಎಳೆಯಿರಿ. ಸಣ್ಣ ಪಿಚಕಾರಿಯ ಹಾಗೆ ಪೆಟ್ರೋಲು ಚಿಮ್ಮಬೇಕು. ಚಿಮ್ಮಲಿಲ್ಲ ಅಂದರೆ ಕಾರ್ಬುರೇಟರು ಪೆಟ್ರೋಲು ತುಂಬಿಟ್ಟುಕೊಳ್ಳುವ ಬೌಲು ಖಾಲಿ. ವೇಪರ್ ಲಾಕ್ ಅನ್ನುವುದು ಇದನ್ನೇ.

ಚಿಮ್ಮಿತು, ಜೊತೆಗೆ ಮೂಗಿಗೆ ಗಮ್ಮೆಂದು ಪೆಟ್ರೋಲ್ ಹೊಡೆಯಿತು ಅಂದರೆ ರೋಗ ಬೇರೆ. ಬೌಲಿನಲ್ಲಿದ್ದ ಪೆಟ್ರೋಲೇ ಕುದಿದು, ಅನ್ನದ ಗಂಜಿಯಂತೆ ಉಕ್ಕಿ ಎಂಜಿನ್ನಿನೊಳಗೆ ಹೋಗುವ ಕೊಳವೆಗೆ, ಅಂದರೆ ಮ್ಯಾನಿಫೋಲ್ಡಿಗೆ, ಸುರಿದಿದೆ. ಹಸಿದವನ ಚಿಕಿತ್ಸೆಯನ್ನು ಅಜೀರ್ಣದವನಿಗೆ ಮಾಡುವ ತಪ್ಪು ನಡೆಯುವುದು ಇಲ್ಲೇ. ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ನೆಲದ ತನಕ ಒತ್ತಿ ಹಿಡಿದು, ಪಂಪ್ ಮಾಡದೆ, ಹತ್ತು ಸೆಕೆಂಡ್ ಸೆಲ್ಫು ಕೊಡಿ. ಒಳಗಿನದೆಲ್ಲ ಗಾಳಿಗೆ ಹಾರಿ, ಕಪ್ಪು ಹೊಗೆ ಬಿಟ್ಟು ಎದ್ದುಕೊಳ್ಳುತ್ತದೆ.

ಖಾಲಿ ಬೌಲಿಗೆ ಬೈರಾಸು, ಅಂದರೆ ಟವೆಲು. ಕರಾವಳಿಯ ಕಾರಿನಲ್ಲಿ ಜ್ಯಾಕ್ ಇಲ್ಲದಿರಬಹುದು, ಬೈರಾಸು ಇದ್ದೇ ಇರುತ್ತದೆ. ಅದನ್ನು ನೆನೆಸಿ ಪಂಪಿಗೂ ಅದಕ್ಕೆ ಬರುವ ಪೈಪಿಗೂ ಸುತ್ತಿ, ಮೇಲಿಂದ ಸ್ವಲ್ಪ ಸ್ವಲ್ಪವೇ ನೀರು ಬಿಡಿ. ಬಿಂದಿಗೆ ಎತ್ತಿ ಅಭಿಷೇಕ ಮಾಡುವ ಉತ್ಸಾಹಿಗಳನ್ನು ತಡೆಯಿರಿ: ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೀಡುಕಬ್ಬಿಣ, ತಣ್ಣೀರು ಬಿದ್ದರೆ ಸೀಳುತ್ತದೆ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರೊಳಗೆ ಹೋದರೆ ಒಂದು ರೋಗ ಎರಡಾಗುತ್ತದೆ. ಪಂಪಿಗೆ ಕೈಲಿವರ್ ಇದ್ದರೆ ಇಪ್ಪತ್ತು ಮೂವತ್ತು ಸಲ ಒತ್ತಿ. ಮೊದಲಿಂದಲೇ ಲೊಳಲೊಳ ಆಡಿದರೆ ಪಂಪು ಕೆಟ್ಟಿಲ್ಲ, ಎಂಜಿನ್ನೊಳಗೆ ಪಂಪನ್ನು ಆಡಿಸುವ ಕ್ಯಾಮಿನ ಉಬ್ಬು ಅದನ್ನು ಒತ್ತಿ ಹಿಡಿದಿದೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಗಟ್ಟಿಯಾಗಿದ್ದ ಲಿವರು ಆಮೇಲೆ ಸಡಿಲಾದರೆ ಬೌಲು ತುಂಬಿತು ಅಂತ ಲೆಕ್ಕ. ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ತೆಗೆಯಿರಿ. ಗಾಳಿ ಉಸ್ಸೆಂದು ಒಳಗೆ ಎಳೆದುಕೊಂಡರೆ ಮುಚ್ಚಳದ ತೂತು ಕಟ್ಟಿದೆ, ಪಾಪ, ಪಂಪಿನದೇನೂ ತಪ್ಪಿಲ್ಲ.

ನಿಜ ಹೇಳಬೇಕೆಂದರೆ, ಬಾನೆಟ್ ತೆರೆದು ಅರ್ಧ ಗಂಟೆ ಚಾ ಕುಡಿದರೂ ಗಾಡಿ ಏಳುತ್ತದೆ. ಏಳುವ ಹೊತ್ತಿಗೆ ಯಾರ ಕೈ ಒಳಗಿತ್ತೋ ಅವರು ಆ ಊರಿನ ಮೆಕ್ಯಾನಿಕ್. ಪೈಪಿಗೆ ಬಟ್ಟೆ ಕ್ಲಿಪ್ ಸಿಕ್ಕಿಸುವ ಜಗತ್ಪ್ರಸಿದ್ಧ ಚಿಕಿತ್ಸೆಗೆ ಇಷ್ಟು ಹೆಸರು ಬಂದದ್ದೂ ಹೀಗೆಯೇ ಇರಬೇಕು.

ಊರಿಗೆ ಬಂದಮೇಲಿನ ಕೆಲಸ ಬೇರೆ. ಪೈಪನ್ನು ಎಕ್ಸಾಸ್ಟಿನಿಂದ ಎರಡು ಇಂಚಾದರೂ ದೂರ ಸರಿಸಿ, ನಡುವೆ ಅಲ್ಯೂಮಿನಿಯಂ ತಗಡು ಕೊಡಿ. ಕಾರ್ಬುರೇಟರಿನ ಅಡಿಗೆ 6ರಿಂದ 10 ಮಿಲಿಮೀಟರಿನ ಬೇಕಲೈಟ್ ಸ್ಪೇಸರ್, ಎರಡೂ ಕಡೆ ಗ್ಯಾಸ್ಕೆಟ್. ಆದರೆ ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದೋ ಅಂತ ನೋಡಿಕೊಂಡು ಹಾಕಿಸಿ. ಕಿಡಿ ತಡವಾಗಿ ಹಾರುವಂತೆ ರಿಟಾರ್ಡ್ ಆದ ಟೈಮಿಂಗು, ಜಾರುವ ಫ್ಯಾನ್ ಬೆಲ್ಟು, ಕಸ ತುಂಬಿದ ರೇಡಿಯೇಟರು ಇವೂ ಬಿಸಿಯ ತವರುಮನೆಗಳೇ. ಎಲೆಕ್ಟ್ರಿಕ್ ಪಂಪ್ ಹಾಕಿಸುವುದಾದರೆ ಟ್ಯಾಂಕಿನ ಹತ್ತಿರ ಹಾಕಿಸಿ. ಆಗ ಪೆಟ್ರೋಲು ಹೀರುವ ಬದಲು ತಳ್ಳಿಸಿಕೊಂಡು ಬರುತ್ತದೆ, ಒತ್ತಡದಲ್ಲಿ ಕುದಿಯುವುದು ತಡ. ಒತ್ತಡ 2ರಿಂದ 4 ಪಿಎಸ್‌ಐ ಸಾಕು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಇಂಜೆಕ್ಷನ್ ಕಾರಿನ ಪಂಪ್ ಸಿಕ್ಕಿಸಿದರೆ ಅದು 40 ಪಿಎಸ್‌ಐಯಲ್ಲಿ ಬೌಲು ತುಂಬಿದಾಗ ಪೆಟ್ರೋಲು ತಡೆಯುವ ಫ್ಲೋಟಿನ ಸೂಜಿಯನ್ನೇ ಒದ್ದು ಒಳನುಗ್ಗುತ್ತದೆ. ಎಂಜಿನ್ ನಿಂತರೆ ಪಂಪೂ ನಿಲ್ಲುವಂತೆ ಆಯಿಲ್ ಪ್ರೆಷರ್ ಸ್ವಿಚ್ಚಿನ ಮೂಲಕ ವೈರಿಂಗ್ ಇರಲಿ.

2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲು ಬಿಡುಗಡೆಯಾಯಿತು, ಅಂದರೆ ಶೇಕಡಾ 20 ಎಥನಾಲು. ಎಥನಾಲು ಒಂಟಿಯಾಗಿದ್ದರೆ 78 ಡಿಗ್ರಿಯ ತನಕ ತೆಪ್ಪಗಿರುತ್ತದೆ. ಪೆಟ್ರೋಲಿನ ಹಗುರ ಭಾಗದ ಸಹವಾಸ ಸಿಕ್ಕಿದರೆ ಅದಕ್ಕೂ ಮೊದಲೇ ಅದರ ಜೊತೆ ಹಾರಿಹೋಗುತ್ತದೆ. ಹಳೇ ಕಾಲದ ರಬ್ಬರ್ ಹೋಸು, ಡಯಾಫ್ರಮ್ಮುಗಳನ್ನೂ ಅದು ಮೆತ್ತಗೆ ಮಾಡುತ್ತದೆ. ಎಥನಾಲು ತಾಳುವ ಹೋಸೇ ಕೊಡಿ ಅಂತ ಕೇಳಿ ಹಾಕಿಸಿ.

ಇನ್ನು ಆ ಬೈರಾಸು. ಗಾಡಿ ಸ್ಟಾರ್ಟ್ ಆದ ಸಂಭ್ರಮದಲ್ಲಿ ಅದು ಒಳಗೇ ಉಳಿದು ಬಾನೆಟ್ ಮುಚ್ಚಿಹೋಗುವುದುಂಟು. ತೀರ್ಥಹಳ್ಳಿ ಮುಟ್ಟುವುದರೊಳಗೆ ಅದು ಒಣಗುತ್ತದೆ, ಜಾರುತ್ತದೆ. ಒಂದು ಪಕ್ಕ ಫ್ಯಾನು, ಇನ್ನೊಂದು ಪಕ್ಕ ಕೆಂಡದಂಥ ಎಕ್ಸಾಸ್ಟು. ಹೊರಡುವ ಮೊದಲು ಹಿಂದಿನ ಸೀಟಿನವರನ್ನೇ ಕೇಳಿ, "ಬೈರಾಸು ಎಲ್ಲಿದೆ ಮಾರಾಯ್ತಿ?"